ತರೀಕೆರೆ ಏರಿಯ ಮೇಲೆ ಇಂಗ್ಲಿಷು

ಥಾಯ್ಲೆಂಡಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಗೆ ಆರಂಭವಾಗುತ್ತದೆ ಎಂಬುದನ್ನು ನನ್ನನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಮೇಷ್ಟ್ರು ಒಳಗೆ ಕಾಲಿಟ್ಟೊಡನೆ ತರಗತಿಯ ನಾಯಕಿ ‘ಸ್ಟ್ಯಾಂಡ್ ಅಪ್ ಪ್ಲೀಸ್’ ಎಂದು ಕೂಗುತ್ತಾಳೆ. 42 ಮಕ್ಕಳು ಎದ್ದು ನಿಂತು ‘ಗುಡ್ ಮಾರ್ನಿಂಗ್ ಟೀಚರ್’ ಎಂದು ರಾಗವಾಗಿ ಹಾಡುತ್ತಾರೆ. ‘ಹೌ ಆರ್ ಯೂ’ ಎಂದು ನಾನು ಕೇಳಿದರೆ ‘ಐ ಆಮ್ ಫೈನ್ ಥ್ಯಾಂಕ್ ಯೂ ಆಂಡ್ ಯೂ’ ಎಂಬ ಉತ್ತರ ಎರಡರ ಮಗ್ಗಿಯ ಹಾಗೆ ಒಂದೇ ಉಸಿರಿನಲ್ಲಿ ಹೊರಬರುತ್ತದೆ. ಕೈ ಮುರಿದುಕೊಂಡು ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಹುಡುಗನೂ ಫೈನ್, ಜ್ವರದಲ್ಲಿ ಕಣ್ಣು ಕೆಂಪಾದವಳೂ ಫೈನ್. ಮಧ್ಯಾಹ್ನ ಎರಡು ಗಂಟೆಯಾಗಿದ್ದರೂ ಅದು ಗುಡ್ ಮಾರ್ನಿಂಗೇ. ಆಮೇಲೆ ಎಲ್ಲರೂ ಕುಳಿತುಕೊಳ್ಳುತ್ತಾರೆ, ಮತ್ತು ಆ ದಿನದ ಇಂಗ್ಲಿಷ್ ಅಲ್ಲಿಗೆ ಮುಗಿಯುತ್ತದೆ. 50 ನಿಮಿಷಗಳ ಪೀರಿಯಡ್ಡಿನಲ್ಲಿ ಉಳಿದ 48 ನಿಮಿಷಗಳನ್ನು ನಾನೊಬ್ಬನೇ ಕಳೆಯಬೇಕು.

ನಾನು ಹಾಗೆ ಕಳೆಯಲು ಹೋದದ್ದು ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಸುಮಾರು 450 ಕಿಲೋಮೀಟರ್ ದೂರದಲ್ಲಿರುವ ಖೊನ್ ಕೇನ್ ಕಡೆಯ, ಸುತ್ತಲೂ ಭತ್ತದ ಗದ್ದೆಗಳಿದ್ದ ಒಂದು ಸಣ್ಣ ಊರಿಗೆ. ಶಿವಮೊಗ್ಗದ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಪಾಠ ಹೇಳಿದ್ದ ನನಗೆ, ಇಂಗ್ಲಿಷ್ ಮೇಷ್ಟ್ರು ಎಂದರೆ ಕಾರಿಡಾರಿನಲ್ಲಿ ನಡೆದು ಬಂದರೆ ಸದ್ದು ಅಡಗಬೇಕಾದ ಪ್ರಾಣಿ ಎಂಬ ತಿಳಿವಳಿಕೆಯಿತ್ತು. ಇಲ್ಲಿ ಸದ್ದು ಅಡಗಿತು ನಿಜ, ಆದರೆ ನಿರಾಸೆಯಿಂದ. ಇಂಗ್ಲಿಷ್ ಮೇಷ್ಟ್ರು ಬರುತ್ತಾರೆ ಎಂದರೆ ನೀಲಿ ಕಣ್ಣಿನ ‘ಫರಾಂಗ್’ ಬರುತ್ತಾನೆ ಎಂದು ಕಾದಿದ್ದ ಮಕ್ಕಳ ಮುಂದೆ ಅಪ್ಪಟ ಮಲೆನಾಡಿನ ಬಣ್ಣದ ನಾನು ನಿಂತಿದ್ದೆ. ನಮ್ಮಂಥವರಿಗೆ ಅಲ್ಲಿ ‘ಖೇಕ್’ ಎನ್ನುತ್ತಾರೆ. ಆ ಪದಕ್ಕೆ ಅತಿಥಿ ಎಂಬ ಅರ್ಥವೂ ಇದೆ ಎಂದು ಕೋಶ ನೋಡಿ ಸಮಾಧಾನ ಪಟ್ಟುಕೊಂಡೆ. ಅಲ್ಲಿನ ಬೀದಿಗಳಲ್ಲಿ ಬಾಳೆಹಣ್ಣು ಹಾಕಿ, ಮೇಲೆ ಮಂದ ಹಾಲು ಸುರಿದು ಕೊಡುವ ‘ರೋತಿ’ ಎಂಬ ತಿಂಡಿಯನ್ನು ಮಾರುವವರಲ್ಲಿ ನಮ್ಮ ಚಹರೆಯವರು ಬಹಳ. ಹಾಗಾಗಿ ನಾನು ಮೊದಲ ಪಾಠ ಮುಗಿಸಿ ‘ಎನಿ ಕ್ವೆಶ್ಚನ್ಸ್?’ ಎಂದಾಗ ಹಿಂದಿನ ಬೆಂಚಿನಿಂದ ಬಂದ ಏಕೈಕ ಪ್ರಶ್ನೆ: ‘ಟೀಚರ್, ರೋತಿ?’

ಮಕ್ಕಳು ಒರಟರಲ್ಲ, ಒರಟರಾಗಿದ್ದರೆ ಬೈಯಬಹುದಿತ್ತು. ಅವರು ಅತ್ಯಂತ ವಿನಯದಿಂದ ಮಲಗುತ್ತಿದ್ದರು. ಎಬ್ಬಿಸಿದರೆ ಕೈಮುಗಿದು ಕ್ಷಮೆ ಕೇಳಿ, ಭಂಗಿಯನ್ನು ಸ್ವಲ್ಪ ಬದಲಿಸಿ ಮತ್ತೆ ಮಲಗುತ್ತಿದ್ದರು. ಮೊದಮೊದಲು ಇದು ನನ್ನ ಮಾನಾಪಹರಣವೆಂದೇ ತೋರಿತು. ಆಮೇಲೆ ಯೋಚಿಸಿದೆ. ಆ ದೇಶ ಯುರೋಪಿನ ಯಾರ ವಸಾಹತೂ ಆಗಿದ್ದದ್ದಲ್ಲ. ಅಂಗಡಿಯ ಬೋರ್ಡು, ಬ್ಯಾಂಕಿನ ಚಲನ್, ಡಾಕ್ಟರ ಮಾತು, ಕೋರ್ಟಿನ ತೀರ್ಪು ಎಲ್ಲವೂ ಥಾಯ್ ಭಾಷೆಯಲ್ಲಿಯೇ ನಡೆಯುವಾಗ, ಗದ್ದೆಯ ಬದುವಿನ ಈ ಹುಡುಗರು ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸನ್ನು ಯಾವ ಪುರುಷಾರ್ಥಕ್ಕೆ ಕಲಿಯಬೇಕು? ನಮ್ಮಲ್ಲಿ ಇಂಗ್ಲಿಷಿನ ಮೇಲೆ ಆಸಕ್ತಿ ಇದೆ ಎಂದು ನಾನು ಹನ್ನೊಂದು ವರ್ಷ ನಂಬಿದ್ದೆ, ಇದ್ದದ್ದು ಹೆದರಿಕೆ. ನಿಜ ಹೇಳಬೇಕೆಂದರೆ, ಇಂಗ್ಲಿಷಿಗೆ ಹೆದರದೆ ಹಾಯಾಗಿ ಗೊರಕೆ ಹೊಡೆಯುತ್ತಿದ್ದ ಆ ಮಕ್ಕಳನ್ನು ಕಂಡು ನನಗೆ ಸಣ್ಣ ಹೊಟ್ಟೆಕಿಚ್ಚೂ ಆಗಿತ್ತು.

ಹಾಜರಿ ಕರೆಯುವುದು ಇನ್ನೊಂದು ಪ್ರಹಸನ. ಥಾಯ್ ಮಕ್ಕಳಿಗೆ ದಾಖಲೆಯಲ್ಲಿ ಸಂಸ್ಕೃತಮೂಲದ ಉದ್ದುದ್ದ ಹೆಸರುಗಳಿದ್ದರೂ ಎಲ್ಲರೂ ಕರೆಯುವುದು ಅಡ್ಡಹೆಸರಿನಿಂದಲೇ, ಮತ್ತು ಆ ಅಡ್ಡಹೆಸರು ಬ್ಯಾಂಕ್, ಗಾಲ್ಫ್, ಬೆಂಜ್, ಐಸ್, ಬಿಯರ್ ಹೀಗೆ ಯಾವುದಾದರೂ ಆಗಬಹುದು. ನಮ್ಮ ಬಿಯರ್ ಕೊನೆಯ ಬೆಂಚಿನ ಸಜ್ಜನ. ‘ರೋತಿ’ ಪ್ರಶ್ನೆಯ ಕರ್ತೃ ಅವನೇ. ಒಂದು ಸಂಜೆ ಅಮ್ಮನಿಗೆ ಫೋನಿನಲ್ಲಿ, ‘ಇವತ್ತು ಬಿಯರ್ ಇರಲಿಲ್ಲಮ್ಮ, ಒಂಥರಾ ಬೇಜಾರಾಯಿತು, ಅಭ್ಯಾಸ ಆಗಿಬಿಟ್ಟಿದೆ ನೋಡು’ ಎಂದೆ. ಆ ಕಡೆ ದೀರ್ಘ ಮೌನ. ‘ದಿನಾ ಎಷ್ಟೊತ್ತಿಗೋ?’ ಎಂದು ಅಮ್ಮ ಮೆಲ್ಲಗೆ ಕೇಳಿದರು. ‘ಮಧ್ಯಾಹ್ನ ಊಟ ಆದಮೇಲೆ, ಕ್ಲಾಸಿನಲ್ಲಿ’ ಎಂದು ನಾನು ಮುಗ್ಧನಾಗಿ ಉತ್ತರಿಸಿದೆ. ಮರುದಿನ ಬೆಳಿಗ್ಗೆ ನನ್ನ ಸೋದರಮಾವನಿಂದ ಫೋನು ಬಂತು.

ಹುರುಪು ಉಳಿಸಿಕೊಳ್ಳಲು ಪುಸ್ತಕಗಳು ಹೇಳಿದ್ದನ್ನೆಲ್ಲ ಮಾಡಿದೆ: ನಕ್ಷತ್ರದ ಸ್ಟಿಕ್ಕರು ಹಂಚಿದೆ, ಹಾಡಿದೆ, ಒಮ್ಮೆ ಕ್ರಿಯಾಪದ ಕಲಿಸಲು ನೆಗೆಯಲೂ ಹೋಗಿ ಕಾಲು ಉಳುಕಿಸಿಕೊಂಡೆ. ಪರೀಕ್ಷೆಯ ಹೆದರಿಕೆ ಹುಟ್ಟಿಸೋಣವೆಂದರೆ, ನಮ್ಮ ಶಾಲೆಯಲ್ಲಿ ಯಾರನ್ನೂ ಫೇಲು ಮಾಡುವಂತಿರಲಿಲ್ಲ. ಪಾಸಾಗುವವರೆಗೂ ಮರುಪರೀಕ್ಷೆ ಕೊಡುತ್ತಿರಬೇಕು, ಅಂದರೆ ಶಿಕ್ಷೆ ನನಗೇ.

ಜೂನ್ ತಿಂಗಳಲ್ಲಿ ಮಾತ್ರ ಒಂದು ಪವಾಡ ನಡೆಯಿತು. ಅಲ್ಲಿ ‘ವಾಯ್ ಖ್ರೂ’ ಎಂಬ ಗುರುವಂದನೆಯ ದಿನವಿದೆ. ಖ್ರೂ ಎಂದರೆ ನಮ್ಮ ಗುರುವೇ. ಆ ದಿನ ಬರುವುದೂ ಸಾಮಾನ್ಯವಾಗಿ ಗುರುವಾರವೇ. ಮಕ್ಕಳು ಮಂಡಿಯೂರಿ ಬಂದು ಮೇಷ್ಟ್ರುಗಳ ಕೈಗೆ ಹೂವಿನ ತಟ್ಟೆಗಳನ್ನು ಒಪ್ಪಿಸುತ್ತಾರೆ. ತಟ್ಟೆ ನೋಡಿ ನಾನು ಬೆರಗಾದೆ: ನಮ್ಮೂರ ಗುಡ್ಡದ ಕೇಪಳದ ಹೂವು, ಪಕ್ಕದಲ್ಲಿ ಗಣಪತಿಗೆ ಏರಿಸುವ ಗರಿಕೆ, ಜೊತೆಗೆ ಬದನೆಯ ಹೂವು. ಕೇಪಳದ ಮೊಗ್ಗಿನಂತೆ ಬುದ್ಧಿ ಚೂಪಾಗಲಿ, ಗರಿಕೆಯಂತೆ ವಿದ್ಯೆ ಹಬ್ಬಲಿ, ಬದನೆಯ ಹೂವಿನಂತೆ ತಲೆ ಬಾಗಲಿ ಎಂಬುದು ಅದರ ಅರ್ಥವಂತೆ. ಬಿಯರ್ ನನ್ನ ಮುಂದೆ ನೆಲಕ್ಕೆ ಹಣೆ ತಾಗಿಸಿದಾಗ ನನ್ನ ಕಣ್ಣು ತೇವವಾಯಿತು. ಹನ್ನೊಂದು ವರ್ಷದಲ್ಲಿ ಶಿವಮೊಗ್ಗದಲ್ಲಿ ನನಗೆ ಯಾರೂ ಗರಿಕೆ ಕೊಟ್ಟಿರಲಿಲ್ಲ. ಆ ರಾತ್ರಿ ಕುಳಿತು ಎರಡು ಗಂಟೆ ಪಾಠ ತಯಾರಿಸಿದೆ. ಶುಕ್ರವಾರ ತರಗತಿಗೆ ಹೋದರೆ ತಲೆಗಳು ಬಾಗಿಯೇ ಇದ್ದವು, ಡೆಸ್ಕಿನ ಮೇಲೆ.

ಕೊನೆಗೆ ನನ್ನನ್ನು ಉಳಿಸಿದ್ದು ಒಂದು ಕಾರು. ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ಹೊಸ ಬಿಳಿ ಕಾರು ಕೊಂಡು, ಬೌದ್ಧ ಭಿಕ್ಷುಗಳಿಂದ ಒಳಚಾವಣಿಯ ಮೇಲೆ ಮಂತ್ರಚಿಹ್ನೆ ಬರೆಸಿ, ಹೂಮಾಲೆ ಹಾಕಿಸಿಕೊಂಡು ಶಾಲೆಗೆ ತಂದಿದ್ದರು. ನಾವು ನಿಂಬೆಹಣ್ಣು ಹತ್ತಿಸುವುದಿಲ್ಲವೇ, ಹಾಗೆ. ಎರಡು ಮಾತು ಥಾಯ್ ಭಾಷೆಯಲ್ಲಿಯೇ ಹೊಗಳೋಣವೆಂದು ಕೈಮುಗಿದು ‘ಸುಅಯ್ ಮಾಕ್’ ಎಂದೆ. ಥಾಯ್ ಭಾಷೆಯಲ್ಲಿ ದನಿಯ ಏರಿಳಿತಕ್ಕೆ ಐದು ಬಗೆ, ಅದು ಬದಲಾದರೆ ಪದದ ಅರ್ಥವೇ ಬದಲು. ಈ ‘ಸುಅಯ್’ ಎಂಬುದನ್ನು ದನಿ ಮೇಲಕ್ಕೆ ಎಳೆದು ಹೇಳಿದರೆ ಸುಂದರ ಎಂದರ್ಥ. ದನಿ ಸಮತಟ್ಟಾಗಿ ಉಳಿದರೆ ಗ್ರಹಚಾರಗೆಟ್ಟದ್ದು ಎಂದರ್ಥ. ಕನ್ನಡಿಗನ ಗಂಟಲು ಸಮತಟ್ಟಾಗಿಯೇ ಉಳಿಯಿತು. ಅವರ ಮುಖ ಅರಳಲಿಲ್ಲವಾದ್ದರಿಂದ ಕೇಳಿಸಿಲ್ಲವೆಂದು ತಿಳಿದು, ಬಾನೆಟ್ ತಟ್ಟಿ ಇನ್ನೆರಡು ಸಲ ಗಟ್ಟಿಯಾಗಿ ಹೇಳಿದೆ. ಮರುವಾರ ಆ ಕಾರು ಪಂಕ್ಚರ್ ಆದಾಗ ಸ್ಟಾಫ್ ರೂಮಿನಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಹೆಚ್ಚು ಕಷ್ಟವಾಯಿತು.

ಸುದ್ದಿ ನನಗಿಂತ ಮೊದಲೇ ತರಗತಿಗೆ ತಲುಪಿತ್ತು. ಅಲ್ಲಿ ಐದಕ್ಕೆ ‘ಹಾ’ ಎನ್ನುವುದರಿಂದ ನಗುವನ್ನು 555 ಎಂದು ಬರೆಯುತ್ತಾರೆ. ಕಪ್ಪುಹಲಗೆಯ ತುಂಬ ಆ ದಿನ ಐದುಗಳೇ. ನಾನೂ ಬಿಟ್ಟುಕೊಡದೆ ‘ಸುಅಯ್’ ಎಂದು ಮತ್ತೊಮ್ಮೆ ಪ್ರಯತ್ನಿಸಿದೆ. ‘ನೋ ಟೀಚರ್! ಅಪ್! ಅಪ್!’ ಎಂದು ಎದ್ದು ನಿಂತದ್ದು ಬಿಯರ್. ‘ನಾಟ್ ಲೈಕ್ ದಿಸ್, ಲಿಸನ್ ಮೀ’ ಎಂದಳು ನಾಯಕಿ. ವ್ಯಾಕರಣ ಸರಿಯಿರಲಿಲ್ಲ, ಆದರೆ ಯಾರೂ ಕೇಳದೆ ಆ ಕೋಣೆಯಲ್ಲಿ ಹುಟ್ಟಿದ ಮೊದಲ ಇಂಗ್ಲಿಷ್ ವಾಕ್ಯ ಅದು; ತಿದ್ದಲು ನನಗೆ ಮನಸ್ಸು ಬರಲಿಲ್ಲ.

ಅಂದಿನಿಂದ ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ ನಾನು ವಿದ್ಯಾರ್ಥಿ, ಅವರು ಗುರುಗಳು. ಷರತ್ತು ಒಂದೇ, ತಿದ್ದುವುದೆಲ್ಲ ಇಂಗ್ಲಿಷಿನಲ್ಲಿಯೇ. ಹೊಸ ಕಟ್ಟಿಗೆ ಸುಡುವುದಿಲ್ಲವಲ್ಲವೇ ಎಂದು ಕೇಳುವ, ಐದು ‘ಮಾಯ್’ಗಳು ಸಾಲಾಗಿ ಬರುವ ಅವರ ವಾಕ್ಯವನ್ನು ಹೇಳಲಾಗದೆ ನಾನು ಫೇಲಾದೆ. ಶಾಲೆಯ ನಿಯಮದಂತೆ ನನಗೂ ಮರುಪರೀಕ್ಷೆಗಳಾದವು, ನಾಲ್ಕು. ನಾಲ್ಕನೆಯದರಲ್ಲಿ ಬಿಯರ್ ಕರುಣೆಯಿಂದ ಪಾಸು ಮಾಡಿದ. ಮೇಷ್ಟ್ರಾದವನ ಮೊಂಡುತನ ಬಿಡಬೇಕಲ್ಲ. ಸೇಡು ತೀರಿಸಿಕೊಳ್ಳಲು ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯ್ತಿತ್ತು’ ಎಂಬುದನ್ನು ಹಲಗೆಯ ಮೇಲೆ ಇಂಗ್ಲಿಷ್ ಲಿಪಿಯಲ್ಲಿ ಬರೆದೆ. ಮಾತಿನ ಭರದಲ್ಲಿ ರಕಾರವನ್ನು ಲಕಾರ ಮಾಡುವ, ಫುಟ್‌ಬಾಲನ್ನು ‘ಫುಟ್‌ಬೋನ್’ ಎನ್ನುವ ಆ ನಾಲಿಗೆಗಳಿಗೆ ಅದು ಸಿಂಹಸ್ವಪ್ನ. ಪದಗಳ ಬಾಲ ಕತ್ತರಿಸುವ ಅವರೆಲ್ಲಿ, ಬಸ್ಸಿಗೂ ಕಾರಿಗೂ ಬಾಲ ಅಂಟಿಸುವ ನಾವೆಲ್ಲಿ! ಪಾಠದ ಒಂದು ಪದ್ಯವನ್ನೂ ಬಾಯಿಪಾಠ ಮಾಡದ ಮಕ್ಕಳು ‘ತಲೀಕೆಲೆ ಏಲಿ ಮೇಲೆ’ ಎಂದು ಊಟದ ಸಾಲಿನಲ್ಲಿ, ಸೈಕಲ್ ಸ್ಟ್ಯಾಂಡಿನಲ್ಲಿ, ಒಮ್ಮೆ ಬೆಳಗಿನ ಎಂಟು ಗಂಟೆಯ ಧ್ವಜವಂದನೆ ಮುಗಿದೊಡನೆ ಕೂಡ ಅಭ್ಯಾಸ ಮಾಡಿದರು.

ವರ್ಷದ ಕೊನೆಗೆ ಶಾಲೆಯಲ್ಲಿ ಇಂಗ್ಲಿಷ್ ದಿನ. ಬೇರೆ ತರಗತಿಗಳು ಹಾಡು, ನಾಟಕ ಎಂದು ಸಜ್ಜಾಗಿದ್ದವು. ನಮ್ಮ ತರಗತಿಯದು ಏನೆಂದು ಕೇಳಿದಾಗ, ಸರ್ಪ್ರೈಸ್ ಎಂದರು. ಪರದೆ ಸರಿದಾಗ 42 ಮಕ್ಕಳು ಮೂರು ಸಾಲುಗಳಲ್ಲಿ ನಿಂತು, ಮುಂದೆ ಮೂವರು ಕಪ್ಪು ಕುರಿಮರಿಗಳಾಗಿ ಮೇಯುತ್ತಿರಲು, ತರೀಕೆರೆಯ ಏರಿಯನ್ನು ಮೂರು ಬಾರಿ ಏರಿ ಇಳಿದರು. ಮೂರನೆಯ ಸಲ ರಕಾರ ಬಹುಮಟ್ಟಿಗೆ ರಕಾರವಾಗಿಯೇ ಬಂತು. ಭಯಂಕರ ಚಪ್ಪಾಳೆ. ಪಕ್ಕದಲ್ಲಿ ಕುಳಿತಿದ್ದ ಅತಿಥಿ ಅಧಿಕಾರಿ ನನ್ನ ಕಡೆ ಬಾಗಿ, ಮಕ್ಕಳ ಉಚ್ಚಾರಣೆ ಬಹಳ ಸ್ಪಷ್ಟವಾಗಿದೆ, ಇದು ಬ್ರಿಟಿಷ್ ಇಂಗ್ಲಿಷೋ ಅಮೆರಿಕನ್ನೋ ಎಂದು ವಿಚಾರಿಸಿದರು.

‘ಚಿಕ್ಕಮಗಳೂರು ಕಡೆಯದು’ ಎಂದೆ. ಅವರು ತಲೆಯಾಡಿಸಿ, ಜೇಬಿನಿಂದ ಪುಸ್ತಕ ತೆಗೆದು, ಅದನ್ನು ಹೇಗೆ ಬರೆಯುವುದು ಎಂದು ಕೇಳಿದರು.