ಒಂದು ಬಟ್ಟಲು ಕೊಸರು

ಇವತ್ತಿಗೆ ನಾಲ್ಕನೇ ದಿನ. ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದೇನೆ. ನಲ್ಲಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ದಿನ ಬಿಟ್ಟು ದಿನ ಬರುವ ಕಾವೇರಿ ನೀರು ಸರಿಯಾಗಿಯೇ ಬರುತ್ತಿದೆ. ಆದರೆ ಅದನ್ನು ಹಿಡಿದಿಡುವ ಬಚ್ಚಲಮನೆಯ ನೀಲಿ ಡ್ರಮ್ಮಿನಲ್ಲಿ ಈಗ ಒಂದು ಸಾವಿರ ಮೀನುಮರಿಗಳಿವೆ. ಸಾವಿರವೂ ಅಲ್ಲ, ಸಾವಿರದ ಮೇಲೆ ಒಂದಿಷ್ಟು. ಆ ‘ಒಂದಿಷ್ಟು’ ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೇ.

ಇದಕ್ಕೆಲ್ಲ ಕಾರಣ ನಮ್ಮ ಭಾವ. ಅಕ್ಕನ ಗಂಡ. ಬ್ಯಾಂಕಿನಲ್ಲಿದ್ದವರು, ರಿಟೈರ್ ಆದ ಮೇಲೆ ಅರಸೀಕೆರೆ ಹತ್ತಿರದ ಊರಿನಲ್ಲಿ ತೋಟ ನೋಡಿಕೊಂಡಿದ್ದಾರೆ. ತೋಟದ ಮೂಲೆಯಲ್ಲೊಂದು ಕೃಷಿ ಹೊಂಡ. ಮುಂಗಾರಿಗೆ ಅದು ಮುಕ್ಕಾಲು ತುಂಬಿದೆ. ಅಷ್ಟು ನೀರು ಸುಮ್ನೆ ನಿಂತಿರುವುದು ಭಾವನ ಕಣ್ಣಿಗೆ ಬಾಡಿಗೆ ಬರದ ಮನೆಯ ಹಾಗೆ ಕಂಡಿದೆ. ಹೆಸರಘಟ್ಟದ ಕಡೆ ಒಂದು ಮೀನುಮರಿ ಕೇಂದ್ರ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು ಅಂತ ಯಾರೋ ಹೇಳಿದ್ದೇ ತಡ, ಶುಕ್ರವಾರ ರಾತ್ರಿ ರೈಲಿಳಿದು ನಾಗರಭಾವಿಯ ನಮ್ಮ ಮನೆಗೆ ಬಂದೇಬಿಟ್ಟರು. ‘ಬರೀ ನೋಡ್ಕೊಂಡು ಬರೋಣ. ಮಗೂಗೂ ಒಂದು ಪಿಕ್ನಿಕ್ ಆಗುತ್ತೆ, ಅಲ್ವಾ?’ ಅಂದರು.

ಬರೀ ನೋಡಿಕೊಂಡು ಬರುವ ಜಾತಿಯಲ್ಲ ಭಾವ. ಅವರಿಗೊಂದು ಚಟ ಇದೆ. ಕೊಸರು. ಬೆಲೆ ಇಳಿಸದಿದ್ದರೂ ಅವರು ಕ್ಷಮಿಸಿಯಾರು, ಕೊಸರು ಕೊಡದವನನ್ನು ಕ್ಷಮಿಸಿದ್ದಿಲ್ಲ. ಸೊಪ್ಪಿನವಳ ಹತ್ತಿರ, ಹೂವಿನವಳ ಹತ್ತಿರ ಎಲ್ಲರೂ ಕೇಳುತ್ತಾರೆ, ಬಿಡಿ. ಇವರು ಪೆಟ್ರೋಲ್ ಬಂಕಿನಲ್ಲಿ ಮೀಟರ್ ನಿಂತ ಮೇಲೂ ‘ಪೈಪ್ ಒಂದ್ಸಲ ಒದರಪ್ಪಾ’ ಅನ್ನುತ್ತಾರೆ. ಕಟಿಂಗ್ ಶಾಪಿನಲ್ಲಿ ತಲೆಗೆ ದುಡ್ಡು ಕೊಟ್ಟು ಮೀಸೆಯನ್ನು ಕೊಸರಿಗೆ ಮಾಡಿಸುತ್ತಾರೆ. ಒಂದು ಸಲ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆ ತಗೊಂಡು ಕೊಸರು ಕೇಳಿದ್ದರು. ಆ ಹುಡುಗ ತಬ್ಬಿಬ್ಬಾಗಿ ಎರಡು ಕೆಮ್ಮಿನ ಪೆಪ್ಪರಮೆಂಟು ಕೊಟ್ಟ. ಕೆಮ್ಮಿಲ್ಲದಿದ್ದರೂ ಭಾವ ಎರಡನ್ನೂ ಅಲ್ಲೇ ಚೀಪಿದರು.

ಶನಿವಾರ ಬೆಳಿಗ್ಗೆ ಹೊರಟೆವು. ನಾನು, ಹೆಂಡತಿ, ಮಗ, ಭಾವ. ಕೇಂದ್ರದಲ್ಲಿ ಗಮ್‌ಬೂಟು ಹಾಕಿದ ಹುಡುಗನೊಬ್ಬ ನಗುತ್ತ ಒಳಗೆ ಕರೆದುಕೊಂಡು ಹೋಗಿ ತೋರಿಸಿದ. ಪಾಪ, ಮುಂದೆ ಏನು ಕಾದಿದೆ ಅಂತ ಅವನಿಗೇನು ಗೊತ್ತು.

ನನಗಂತೂ ನಿಜವಾಗಿ ಖುಷಿಯಾಯಿತು. ನಾವು ಕೆರೆ ಮೀನು ಅನ್ನುವ ಕಾಟ್ಲಾ, ರೋಹು, ಮೃಗಾಲ್ ಕೆರೆಯಲ್ಲಿ ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲವಂತೆ. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಯೇ ಬೇಕು. ಹಿಂದೆ ಮರಿ ಬೇಕೆಂದರೆ ಹೊಳೆಗೆ ಬಲೆ ಹಾಕಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನುವ ವಿಜ್ಞಾನಿ ಬೇರೆ ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ತೆಗೆದು, ಅದರ ರಸವನ್ನು ತಾಯಿಮೀನಿಗೆ ಚುಚ್ಚಿ ಮೊಟ್ಟೆ ಇಡಿಸಿದರು. ಅದಕ್ಕೇ ಜುಲೈ 10 ಮೀನು ಕೃಷಿಕರ ದಿನ. ಈಗ ಆ ಹಾರ್ಮೋನು ಸೀಸೆಯಲ್ಲೇ ಸಿಗುತ್ತದೆ. ಇಂಜೆಕ್ಷನ್ ಕೊಟ್ಟು ಮೀನುಗಳನ್ನು ದುಂಡನೆಯ ಸಿಮೆಂಟ್ ತೊಟ್ಟಿಗೆ ಬಿಡುತ್ತಾರೆ. ಪೈಪಿನಿಂದ ಓರೆಯಾಗಿ ನೀರು ಬಿಟ್ಟು ಗಿರಗಿರ ತಿರುಗಿಸುತ್ತಾರೆ. ‘ಹೊಳೆಗೆ ಪ್ರವಾಹ ಬಂದಿದೆ ಅಂತ ಮೀನಿಗೆ ನಂಬಿಸೋದು ಸಾರ್’ ಅಂದ ಹುಡುಗ. ಮಳೆ ಬಂದ ದಿನ ನಮ್ಮ ಯಾವುದಾದರೂ ಅಂಡರ್‌ಪಾಸಿಗೆ ತಂದು ಬಿಟ್ಟರೆ ನಂಬಿಸುವ ಖರ್ಚೂ ಉಳಿಯುತ್ತದೆ ಅಂತ ಹೇಳೋಣ ಅನ್ನಿಸಿತು. ಸುಮ್ಮನಾದೆ.

ಇಟ್ಟ ಮೊಟ್ಟೆ ಒಂದು ದಿನ ತುಂಬುವುದರೊಳಗೆ ಒಡೆದು ಮರಿಯಾಗುತ್ತದೆ. ಹುಡುಗ ಒಂದು ಗಾಜಿನ ಲೋಟದಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಚುಕ್ಕಿ ಚುಕ್ಕಿ ಕಣ್ಣುಗಳು ಕಂಡವು. ಮೈ ಕಾಣದು. ಕೂದಲೆಳೆಯಷ್ಟು ಗಾಜು, ಅದರ ತುದಿಗೆ ಎರಡು ಕಪ್ಪು ಕಣ್ಣು. ಹೊಟ್ಟೆಗೆ ಅಂಟಿದ ಹಳದಿ ಚೀಲದಲ್ಲಿ ಮೊದಲ 3 ದಿನದ ಬುತ್ತಿ. ಅಲ್ಲಿಯವರೆಗೆ ಯಾರೂ ಊಟ ಹಾಕಬೇಕಿಲ್ಲ. ಮಗ ಲೋಟದ ಹತ್ತಿರ ಮೂಗಿಟ್ಟು ಉಸಿರು ಬಿಗಿಹಿಡಿದು ನೋಡಿದ. ಇನ್ನೊಂದಿಷ್ಟು ದಿನ ಬೆಳೆದ ಮರಿಗೆ ‘ಫ್ರೈ’ ಅನ್ನುತ್ತಾರೆ ಅಂತ ಹುಡುಗ ಹೇಳಿದಾಗ ಮಾತ್ರ ಅವನ ಮುಖ ಸಣ್ಣದಾಯಿತು. ಬರುವಾಗ ದಾರಿಯಲ್ಲಿ ಫಿಶ್ ಫ್ರೈ ಕೊಡಿಸು ಅಂದಿದ್ದವನು ಆಮೇಲೆ ಆ ಮಾತೇ ಎತ್ತಲಿಲ್ಲ.

ಭಾವ ಕೇಳಿದ್ದು ಒಂದೇ ಪ್ರಶ್ನೆ. ‘ಒಂದು ಮೀನು ಎಷ್ಟು ಮೊಟ್ಟೆ ಇಡುತ್ತಪ್ಪಾ?’

‘ಒಂದು ಕೆಜಿ ತೂಕದ್ದು ಲಕ್ಷಕ್ಕೂ ಜಾಸ್ತಿ ಇಡುತ್ತೆ ಸಾರ್.’

‘ಲಕ್ಷಾನೂ ಇಟ್ಟು, ಅದರ ಮೇಲೆ ಕೊಸರು ಬೇರೆ!’ ಅಂದರು ಭಾವ. ತೊಟ್ಟಿಯಲ್ಲಿದ್ದ ತಾಯಿಮೀನನ್ನು ಅವರು ನೋಡಿದ ನೋಟದಲ್ಲಿ ಭಕ್ತಿಯಿತ್ತು.

ಮರಿ ಮಾರುವ ಜಾಗಕ್ಕೆ ಬಂದೆವು. ಹೊಂಡಕ್ಕೆ ಸುಣ್ಣ ಹಾಕಿದ್ದೀರಾ ಅಂತ ಹುಡುಗ ಕೇಳಿದ. ಹಾಕಿಲ್ಲ. ‘ಹಾಗಾದ್ರೆ ಸುಣ್ಣ ಹಾಕಿ, ಒಂದು ವಾರ ಬಿಟ್ಟು ಬನ್ನಿ ಸಾರ್. ಮರಿ ಆಮೇಲೆ ತಗೊಳ್ಳೋರಂತೆ’ ಅಂದ. ಎಷ್ಟು ಒಳ್ಳೆಯ ಮಾತು! ಅಲ್ಲಿಗೆ ಎಲ್ಲ ಮುಗಿದು ನಾವು ಮನೆಗೆ ಹೊರಟಿದ್ದರೆ ನಾನು ಇವತ್ತು ಮೈತುಂಬ ನೀರು ಹುಯ್ದುಕೊಂಡಿರುತ್ತಿದ್ದೆ.

‘ಸುಮ್ನೆ ಕೇಳ್ತೀನಿ, ಒಂದು ಮರಿಗೆ ಎಷ್ಟು?’ ಅಂದರು ಭಾವ.

‘ಸಾವಿರದ ಲೆಕ್ಕ ಸಾರ್. ರೇಟು ಬೋರ್ಡಲ್ಲಿದೆ.’

‘ಬೋರ್ಡ್ ಬಿಡು. ನೀನು ಹೇಳು.’

‘ನಾನೂ ಬೋರ್ಡಲ್ಲಿರೋದೇ ಹೇಳೋದು ಸಾರ್.’

ಭಾವ ‘ಬೇಡ ಬಿಡು ಹಾಗಾದ್ರೆ’ ಅಂದು ತಿರುಗಿ ನಡೆದರು. ಇದು ಅವರ ನಾಲ್ಕು ಹೆಜ್ಜೆ ವಿದ್ಯೆ. ಸಂತೆಯಲ್ಲಿ ಮೂರನೇ ಹೆಜ್ಜೆಗೇ ‘ಬನ್ನಿ ಸ್ವಾಮಿ, ಬನ್ನಿ’ ಅಂತ ಕರೆ ಬರುತ್ತದೆ. ಇಲ್ಲಿ ಯಾರೂ ಕರೆಯಲಿಲ್ಲ. ಹುಡುಗ ಮುಂದಿನವರಿಗೆ ರಸೀದಿ ಬರೆಯುತ್ತಿದ್ದ. ನಾಲ್ಕನೇ ಹೆಜ್ಜೆಗೆ ಭಾವ ತೊಟ್ಟಿಯ ಕಟ್ಟೆ ಮುಟ್ಟಿದ್ದರು. ಐದನೆಯದು ಇಟ್ಟರೆ ನೀರೊಳಗೆ. ಅಲ್ಲೇ ನಿಂತು, ಬಗ್ಗಿ, ಚಪ್ಪಲಿಯ ಬಾರು ಸರಿಮಾಡಿಕೊಂಡರು. ಅವರ ಚಪ್ಪಲಿಗೆ ಬಾರಿನ ಬಕಲೇ ಇಲ್ಲ. ನಾನು ನಾಲ್ಕು ತೊಟ್ಟಿ ಆಚೆ ಹೋಗಿ ಅವರು ಯಾರೋ ನಾನು ಯಾರೋ ಅನ್ನುವ ಹಾಗೆ ಮೃಗಾಲ್ ನೋಡುತ್ತ ನಿಂತೆ.

ವಾಪಸ್ ಬಂದವರು ‘ಆಯ್ತು, ಹೇಗೆ ಎಣಿಸ್ತೀರಿ ತೋರಿಸು’ ಅಂದರು. ಅಲ್ಲಿ ಎಣಿಕೆಗೆ ತೂತುಗಳಿರುವ ಒಂದು ಸಣ್ಣ ಬಟ್ಟಲು ಇಟ್ಟಿದ್ದಾರೆ. ಒಂದು ಬಟ್ಟಲು ಮರಿ ಮೊಗೆದು ಎಲ್ಲರೆದುರಿಗೆ ಎಣಿಸುತ್ತಾರೆ. ಆಮೇಲೆ ಬಟ್ಟಲುಗಳ ಲೆಕ್ಕ. ಅವತ್ತು ಬಟ್ಟಲಿಗೆ 83 ಬಂತು. ಹುಡುಗ ಚೀಲಕ್ಕೆ 12 ಬಟ್ಟಲು ಸುರಿದು ‘ಸಾವಿರ ಸಾರ್’ ಅಂದ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದ ಮನುಷ್ಯ. ಒಂದು ಕ್ಷಣವೂ ತಗೊಳ್ಳಲಿಲ್ಲ. ‘996. ಇನ್ನು ನಾಲ್ಕು?’

‘ಒಂದೊಂದು ಬಟ್ಟಲಲ್ಲಿ ಒಂದೆರಡು ಜಾಸ್ತಿನೂ ಬರುತ್ತೆ ಸಾರ್.’

‘ಕಡಿಮೆನೂ ಬರುತ್ತೆ. ಏಳನೇ ಬಟ್ಟಲು ಪೂರ್ತಿ ತುಂಬಿರ್ಲಿಲ್ಲ, ನಾನು ನೋಡಿದೀನಿ.’

ಹೀಗೆಂದವರೇ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದು ಎಣಿಸಲು ಶುರು ಮಾಡಿದರು. ಒಂದು ಇಂಚಿನ ಮರಿಗಳು. ಒಂದೂ ನಿಂತಲ್ಲಿ ನಿಲ್ಲುವುದಿಲ್ಲ. ಭಾವ ಪ್ಲಾಸ್ಟಿಕ್ಕಿನ ಮೇಲೆ ಹೆಬ್ಬೆರಳಿಟ್ಟು ಎಣಿಸಿದ್ದನ್ನೆಲ್ಲ ಬಲಗಡೆಗೆ ತಳ್ಳುತ್ತಿದ್ದರು. ಬಲಗಡೆಯವು ಅಡಿಯಿಂದ ನುಸುಳಿ ಎಡಗಡೆಗೆ ಬರುತ್ತಿದ್ದವು. ‘ಇಪ್ಪತ್ತೆಂಟು, ಇಪ್ಪತ್ತೊಂಬತ್ತು... ಏಯ್, ನಿಲ್ಲೋ!’ ಅಂತ ಮೀನನ್ನೇ ಗದರಿದರು. ನನ್ನ ಮಗ ಪಕ್ಕದಲ್ಲೇ ನಿಂತು ಆಡಿಟರ್ ಕೆಲಸ ಮಾಡುತ್ತಿದ್ದ.

‘ಮಾವ, ಅದನ್ನ ಆಗಲೇ ಎಣಿಸಿದ್ರಿ.’

‘ಇಲ್ಲ ಮರಿ, ಅದು ಬೇರೆ. ಇದರ ಬಾಲ ನೋಡು.’

‘ಎಲ್ಲದರ ಬಾಲಾನೂ ಹಾಗೇ ಇದೆ ಮಾವ.’

ಮತ್ತೆ ಒಂದರಿಂದ. ಎರಡನೇ ಸಲ ನಲವತ್ತೊಂದಕ್ಕೆ ತಪ್ಪಿತು. ಮೂರನೇ ಸಲ ಅರವತ್ತರವರೆಗೂ ಬಂದರು. ಅಷ್ಟರಲ್ಲಿ ಯಾರದೋ ಫೋನ್ ರಿಂಗಾಗಿ ತಲೆಯೆತ್ತಿದರು, ಲೆಕ್ಕ ಹೋಯಿತು. ಫೋನಿನವನನ್ನು ಭಾವ ನೋಡಿದ ನೋಟಕ್ಕೆ ಅವನು ಅದನ್ನು ಆಫ್ ಮಾಡಿಬಿಟ್ಟ. ಹಿಂದೆ ಐದಾರು ಜನ ರೈತರು ಸಾಲಿನಲ್ಲಿ ನಿಂತಿದ್ದರು. ತಲೆಗೆ ಟವೆಲ್ ಸುತ್ತಿದ ಒಬ್ಬ ಯಜಮಾನರು ಮುಂದೆ ಬಂದು ‘ಸ್ವಾಮಿ, ಮನೇಗೆ ಹೋಗಿ ನಿಧಾನಕ್ಕೆ ಎಣಿಸ್ಕೊಳ್ಳಿ. ನಮ್ ಟೆಂಪೋ ಕಾಯ್ತಾ ಐತೆ’ ಅಂದರು. ಅಷ್ಟು ಹೊತ್ತಿಗೆ ಆ ಹುಡುಗನ ತಾಳ್ಮೆಯೂ ಮುಗಿದಿತ್ತು. ಬಟ್ಟಲನ್ನು ಇನ್ನೊಂದು ಸಲ ಅದ್ದಿ, ತುಂಬ ಮೊಗೆದು, ದುಡುಂ ಅಂತ ಚೀಲಕ್ಕೆ ಸುರಿದ. ‘ತಗೊಳ್ಳಿ ಸಾರ್. ನಾಲ್ಕಲ್ಲ, ಇನ್ನೊಂದು ಬಟ್ಟಲೇ. ಕೊಸರು!’

ಭಾವನ ಮುಖ ನೋಡಬೇಕಿತ್ತು. ಅಕ್ಕನ ಮದುವೆಯಲ್ಲೂ ಅವರು ಅಷ್ಟು ನಕ್ಕ ನೆನಪಿಲ್ಲ.

‘ಭಾವ, ಹೊಂಡಕ್ಕೆ ಸುಣ್ಣ ಹಾಕಿಲ್ಲ. ಮುಂದಿನ ವಾರ ಬರೋಣ’ ಅಂದೆ ಕಿವಿಯಲ್ಲಿ.

‘ಮುಂದಿನ ವಾರ ಕೊಸರು ಕೊಡ್ತಾನೆ ಅಂತ ಏನು ಗ್ಯಾರಂಟಿ?’ ಅಂದರು.

ಹಾಗೆ ಮೀನು ನಮ್ಮದಾಯಿತು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಬ್ಬರ ಮಹಡಿಗೆ ಇನ್ನೊಬ್ಬರು ಬರುವುದಿಲ್ಲ, ಅದಕ್ಕೇ ಮೂರನ್ನೂ ಬೆರೆಸಿ ಬಿಡಿ ಅಂತ ಹುಡುಗ ಹೇಳಿದ್ದ. ಬೇಗ ಬೆಳೆಯುವುದು ಕಾಟ್ಲಾ ಅಂತ ಗೊತ್ತಾದ ಮೇಲೆ ಭಾವ ಬೇರೆ ಮಾತು ಕೇಳಲಿಲ್ಲ. ಪೂರ್ತಿ ಕಾಟ್ಲಾ. ಆದ್ದರಿಂದ ನಮ್ಮ ಡ್ರಮ್ಮಿನಲ್ಲಿ ಎಲ್ಲರೂ ಮೇಲಿನ ಮಹಡಿಯವರೇ. ಮಗ್ಗು ಅದ್ದಿದರೆ ಮೊದಲು ಬರುವುದೇ ಮೀನು.

ವಾಪಸ್ ಬರುವಾಗ ಚೀಲ ಮುಂದಿನ ಸೀಟಿನಲ್ಲಿ, ಭಾವನ ತೊಡೆಯ ಮೇಲೆ. ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ. ಉಬ್ಬಿದ ದಿಂಬಿನ ಹಾಗಿತ್ತು. ಎಸಿ ಹಾಕಿದರೆ ಪೆಟ್ರೋಲ್ ದಂಡ ಅಂತ ಹೋಗುವಾಗ ಕಿಟಕಿ ಇಳಿಸಿಸಿದ್ದ ಭಾವ, ಬರುವಾಗ ‘ಮರಿಗಳಿಗೆ ಸೆಖೆ ಆಗಬಾರದು, ಎಸಿ ಜಾಸ್ತಿ ಮಾಡು’ ಅಂದರು. ಜಾಲಹಳ್ಳಿ ಕ್ರಾಸಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಹಿಂದೆ ಕೂತ ನನ್ನ ಹೆಂಡತಿ ದುಪಟ್ಟಾ ಹೊದ್ದು ನಡುಗುತ್ತಿದ್ದಳು.

ಮನೆಗೆ ಬಂದು ಚೀಲವನ್ನು ಹಾಗೇ ಡ್ರಮ್ಮಿನ ನೀರಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು, ಎರಡೂ ನೀರಿನ ಬಿಸಿ ಒಂದಾದ ಮೇಲೆ ಬಾಯಿ ಬಿಚ್ಚಿದೆವು. ಊರಿಗೆ ಹೋಗಿ ಸುಣ್ಣ ಹಾಕಿಸಿ ಮುಂದಿನ ಭಾನುವಾರ ಬರುತ್ತೇನೆ ಅಂತ ಭಾವ ರಾತ್ರಿಯೇ ರೈಲು ಹತ್ತಿದರು.

ಅಲ್ಲಿಂದ ಶುರುವಾಯಿತು ನನ್ನ ಚಾಕರಿ. ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ಆಗದು. ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಡ್ರಮ್ಮಿಗೆ ಹಾಕಬೇಕು. ಹಾಗಾಗಿ ಮನೆಯ ಬಕೆಟ್, ಬೇಸನ್, ಕೊಡ ಎಲ್ಲ ಮೀನಿನ ನೀರು ಹೊತ್ತು ಕೂತಿವೆ. ನನಗೆ ಉಳಿದದ್ದು ಆ ಅರ್ಧ ಬಕೆಟ್. ಗಾಳಿ ಊದಲು ಅಕ್ವೇರಿಯಂ ಅಂಗಡಿಯಿಂದ ತಂದ ಪಂಪು ರಾತ್ರಿಯಿಡೀ ಗುರ್ರ್ ಅನ್ನುತ್ತದೆ. ಊಟಕ್ಕೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪಿನಲ್ಲಿ ಕಿನ್ವಾ ಇದೆ, ಚಿಯಾ ಬೀಜ ಇದೆ, ತೌಡು ಇಲ್ಲ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹಸುವಿನ ಮೇವಿನ ಅಂಗಡಿ ಹುಡುಕಿಕೊಂಡು ಹೋದೆ. ಎಷ್ಟು ಹಸು ಇವೆ ಅಂತ ಅಂಗಡಿಯವರು ಕೇಳಿದರು. ಸಾವಿರ ಅಂದೆ.

ಹೆಸರಘಟ್ಟ ಕೆರೆ ನೆನಪಾಗುತ್ತದೆ. 1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿದ್ದು, ಬೆಂಗಳೂರಿಗೆ ನಲ್ಲಿ ನೀರು ಕೊಡಬೇಕು ಅಂತಲೇ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಅಲ್ಲಿಂದ ನಮಗೆ ನೀರು ಬರುತ್ತಿತ್ತು. ಈಗ ಅಲ್ಲಿಂದ ಮೀನು ಬಂದು ಕಾವೇರಿ ನೀರು ಕುಡಿಯುತ್ತಿದೆ.

ದಿನಾ ಬೆಳಿಗ್ಗೆ ಒಂದಷ್ಟು ಮರಿ ಸತ್ತು ತೇಲುತ್ತವೆ. ಮೊದಲ ದಿನ ಹನ್ನೊಂದು, ಮರುದಿನ ಎಂಟು. ಅವನ್ನು ಟೀ ಸೋಸುವ ಜಾಲರಿಯಲ್ಲಿ ಎತ್ತುತ್ತಿದ್ದುದನ್ನು ಹೆಂಡತಿ ನೋಡಿಬಿಟ್ಟಳು. ಆ ವಿಷಯ ಇಲ್ಲಿ ಬೇಡ. ಹೊಸ ಜಾಲರಿ ಆ್ಯಪಿನಲ್ಲಿ ತರಿಸಿದೆವು. ಜೊತೆಗೆ ಟೊಮೇಟೊ, ಬೀನ್ಸ್, ಕೊತ್ತಂಬರಿ. ಕರಿಬೇವಿಗೂ ಬೇರೆ ರೇಟು, ಗ್ರಾಂ ಲೆಕ್ಕದಲ್ಲಿ. ಚಿಕ್ಕವನಿದ್ದಾಗ ಅಮ್ಮನ ಜೊತೆ ಗಾಂಧಿಬಜಾರಿಗೆ ಹೋಗುತ್ತಿದ್ದೆ. ಹೂವಿನವಳು ಮೊಳ ಹಾಕಿ ಕತ್ತರಿಸುವ ಮೊದಲು ಅಮ್ಮನ ಮುಖ ನೋಡುತ್ತಿದ್ದಳು. ಅಮ್ಮ ಏನೂ ಹೇಳುತ್ತಿರಲಿಲ್ಲ. ಅವಳ ಬೆರಳು ತಾನಾಗಿ ಒಂದು ಗೇಣು ಮುಂದೆ ಜಾರುತ್ತಿತ್ತು. ಕರಿಬೇವಿಗೆ ದುಡ್ಡು ಕೊಟ್ಟದ್ದಂತೂ ನಾನು ನೋಡಿಲ್ಲ. ಆ್ಯಪಿನ ಹುಡುಗ ಬಾಗಿಲಿಗೆ ಬರುವ ಹೊತ್ತಿಗೆ ಚೀಲಕ್ಕೆ ಸ್ಟೇಪ್ಲರ್ ಹೊಡೆದಿರುತ್ತದೆ. ಕೇಳಿದರೂ ಅವನೇನು ಕೊಟ್ಟಾನು?

ಇದನ್ನೆಲ್ಲ ಯೋಚಿಸುತ್ತ ಭಾವನ ಮೇಲಿನ ಸಿಟ್ಟು ಸ್ವಲ್ಪ ಇಳಿದಿತ್ತು. ಅಷ್ಟರಲ್ಲಿ ಅವರದೇ ಫೋನ್.

‘ಮರಿಗಳು ಹೇಗಿವೆ?’

ಸತ್ತ ಲೆಕ್ಕ ಹೇಳಿ ಯಾಕೆ ಬೇಜಾರು ಮಾಡಬೇಕು? ‘ಸಾವಿರಕ್ಕೆ ಸಾವಿರವೂ ಚೆನ್ನಾಗಿವೆ ಭಾವ’ ಅಂದೆ.

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಬಾಯಲ್ಲೇ ಏನೋ ಗುಣಿಸುತ್ತಿದ್ದದ್ದು ಮಾತ್ರ ಕೇಳಿಸಿತು.

‘ಹದಿಮೂರು ಬಟ್ಟಲು, ಎಂಬತ್ತಮೂರರ ಲೆಕ್ಕ. 1079 ಇರಬೇಕಲ್ಲಪ್ಪಾ. ಎಪ್ಪತ್ತೊಂಬತ್ತು ಎಲ್ಲಿ ಹೋಯ್ತು?’