ಕಾಮಗಾರಿ ಪ್ರಗತಿಯಲ್ಲಿದೆ, ಅಭಿಪ್ರಾಯ ಸಿದ್ಧವಿದೆ

ಜುಲೈ ತಿಂಗಳಲ್ಲಿ ಮಂಗಳೂರಿನ ಮಕ್ಕಳ ಆರಾಧ್ಯ ದೈವವೆಂದರೆ ಜಿಲ್ಲಾಧಿಕಾರಿ. ಮಲಗುವ ಮೊದಲು ಹವಾಮಾನ ಇಲಾಖೆಯ ಬಣ್ಣ ನೋಡುತ್ತಾರೆ. ಹಳದಿಯಾದರೆ ನಿಟ್ಟುಸಿರು, ಕಿತ್ತಳೆಯಾದರೆ ಆಸೆ, ಕೆಂಪಾದರೆ ಹೋಂವರ್ಕ್ ಚೀಲದೊಳಗೆ. ಆ ದಿನ ಕೆಂಪು. ರಜೆಯ ಸುದ್ದಿ ಬಂದದ್ದೇ ತಡ, ಒಂಬತ್ತನೇ ತರಗತಿಯಲ್ಲಿರುವ ನನ್ನ ತಂಗಿಯ ಮಗಳು ಮತ್ತೆ ಹೊದ್ದು ಮಲಗಿದಳು. ಹತ್ತು ನಿಮಿಷಕ್ಕೆ ಇನ್ನೊಂದು ಸಂದೇಶ ಬಂತು. ಅದೇನೆಂದು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಮನೆಯ ಮೊಬೈಲಿಗೂ ಬಂದಿರುತ್ತದೆ. ಶಾಲೆ ಬೇರೆ ಇರಬಹುದು, ಒಕ್ಕಣೆ ಒಂದೇ. ಮಳೆ ರಜೆಯ ಸದುಪಯೋಗಕ್ಕಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಈಗ ಓದುತ್ತಿರುವ ಹದಿಹರೆಯದ ಕಾದಂಬರಿಯ ಕುರಿತು ಎರಡು ನಿಮಿಷಗಳ ಅಭಿಪ್ರಾಯವನ್ನು ವಿಡಿಯೊ ಮಾಡಿ ಸಂಜೆ ನಾಲ್ಕರೊಳಗೆ ಕಳುಹಿಸತಕ್ಕದ್ದು. ಅಭಿಪ್ರಾಯ ಧನಾತ್ಮಕವಾಗಿರಲಿ. ಸಮವಸ್ತ್ರ ಕಡ್ಡಾಯ.

ಕಾದಂಬರಿಯ ವಿಷಯ ಆಮೇಲೆ ನೋಡೋಣ, ಮೊದಲು ಸಮವಸ್ತ್ರದ ಮಾತಾಡಬೇಕು. ಕರಾವಳಿಯ ಆಷಾಢದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ವಾಸನೆ ಬದಲಾಯಿಸುತ್ತದೆ ಅಷ್ಟೇ. ತಂಗಿ ಆ ಬೆಳಿಗ್ಗೆ ಒಂದು ಅಂಗಿಯನ್ನು ಇಸ್ತ್ರಿಪೆಟ್ಟಿಗೆಯಿಂದ ಮುಕ್ಕಾಲು ಗಂಟೆ ಹಬೆಯಾಡಿಸಿದಳು. ಹೀಗೆ, ಸೊಂಟದ ಮೇಲೆ ಸಮವಸ್ತ್ರ, ಸೊಂಟದ ಕೆಳಗೆ ಅಜ್ಜಿಯ ಹಳೆಯ ಶಾಲು ಸುತ್ತಿಕೊಂಡು, ಹಿಂದೆ ತೊಟ್ಟಿಕ್ಕುವ ಸೂರನ್ನು ಕಾಣದಂತೆ ಮರೆಮಾಡಿ, ಸಾಹಿತ್ಯ ವಿಮರ್ಶೆಯ ಕಾರ್ಯ ಆರಂಭವಾಯಿತು.

ಸುತ್ತೋಲೆ ಬರೆದವರ ದೂರದೃಷ್ಟಿಗೆ ಕೈ ಮುಗಿಯಬೇಕು. ಓದಿದ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುವುದು ಹಳೆಯ ಕಾಲದವರ ಕ್ರಮ. ಈಗ ಕೇಳುವುದು ಓದುತ್ತಿರುವ ಪುಸ್ತಕದ ಬಗ್ಗೆ. 'ಓದುತ್ತಿರುವ' ಎಂಬ ಕ್ರಿಯಾಪದ ಮಂಗಳೂರಿಗರಿಗೆ ಹೊಸದೇನಲ್ಲ. ಅದನ್ನು ನಾವು ರಸ್ತೆಬದಿಯ ಫಲಕಗಳಲ್ಲಿ ದಿನಾ ಓದುತ್ತೇವೆ: ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ. ಪಂಪ್‌ವೆಲ್ ಮೇಲ್ಸೇತುವೆ 2010ರಲ್ಲಿ ಶುರುವಾಗಿ 2020ರ ಜನವರಿಯ ಕೊನೆಯಲ್ಲಿ ಉದ್ಘಾಟನೆಯಾಯಿತು. ಕೆಲಸ ಶುರುವಾದಾಗ ಒಂದನೇ ತರಗತಿಗೆ ಸೇರಿದ ಮಗು ಅದರ ಮೇಲೆ ಓಡಾಡುವ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ ಬರೆಯುತ್ತಿತ್ತು. ಆ ಹತ್ತು ವರ್ಷ ಸೇತುವೆಯ ಬಗ್ಗೆ ನಮ್ಮಲ್ಲಿ ಅಭಿಪ್ರಾಯಕ್ಕೇನಾದರೂ ಕೊರತೆ ಇತ್ತೇ? ಸೇತುವೆ ಮುಗಿದ ಮೇಲೆ ಅಭಿಪ್ರಾಯವೂ ನಿಂತುಹೋಯಿತು. ಆದ್ದರಿಂದ ಪುಸ್ತಕವನ್ನು ಮುಗಿಸಬಾರದು, ಮುಗಿಸಿದವನಿಗೆ ಹೇಳಲು ಏನೂ ಉಳಿಯುವುದಿಲ್ಲ ಎಂಬುದು ಈ ಯೋಜನೆಯ ತತ್ತ್ವವೆಂದು ನನ್ನ ಊಹೆ.

ಸಂಜೆ ನಾಲ್ಕಕ್ಕೆ ತರಗತಿಯ ಗುಂಪಿನಲ್ಲಿ ವಿಡಿಯೊಗಳು ಸುರಿಯತೊಡಗಿದವು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ನಾನು ಅಷ್ಟನ್ನೂ ನೋಡಿದೆ. ಒಬ್ಬ ಹುಡುಗನಿಗೆ ತಾನು ಓದುತ್ತಿರುವ ಕಾದಂಬರಿ 'ಸ್ನೇಹ, ಧೈರ್ಯ ಮತ್ತು ಆತ್ಮಾನ್ವೇಷಣೆಯ ಹೃದಯಸ್ಪರ್ಶಿ ಪಯಣ'ವಾಗಿತ್ತು. ಎರಡನೆಯವಳಿಗೆ ಬೇರೆ ಕಾದಂಬರಿ, ಅದೇ ಪಯಣ. ಮೂರನೆಯವನಿಗೂ ಪಯಣ. ಹೃದಯಗಳೆಲ್ಲ ಒಂದೇ ರೀತಿಯಲ್ಲಿ ಸ್ಪರ್ಶಿಸಲ್ಪಟ್ಟಿದ್ದವು. ಕೃತಕ ಬುದ್ಧಿಮತ್ತೆಯ ಮಹಿಮೆ ಎಂದು ನೀವು ಗೊಣಗಬಹುದು, ನಾನು ಗೊಣಗುವುದಿಲ್ಲ. ಎಳೆಯ ಹುಡುಗನೊಬ್ಬ ಮಾತ್ರ ಬರೆದುಕೊಟ್ಟದ್ದನ್ನು ನಿಷ್ಠೆಯಿಂದ ಓದುತ್ತಾ, "ನಮಸ್ಕಾರ, ನನ್ನ ಹೆಸರು, ಇಲ್ಲಿ ನಿಮ್ಮ ಹೆಸರು ಸೇರಿಸಿ, ಒಂಬತ್ತನೇ ತರಗತಿ" ಎಂದು ಕ್ಯಾಮೆರಾ ನೋಡಿ ನಕ್ಕ. ಇಡೀ ತರಗತಿಯಲ್ಲಿ ಪೂರ್ತಿ ಓದಿದವನು ಅವನೊಬ್ಬನೇ ಎನ್ನಬೇಕು. ಎಲ್ಲರಿಗೂ ಹತ್ತಕ್ಕೆ ಹತ್ತು ಬಂತು.

ಹದಿಹರೆಯದ ಕಾದಂಬರಿಗಳನ್ನು ಓದಿದವರಿಗೆ ಗೊತ್ತು, ಅಲ್ಲಿ ಲೇಖಕರು ಮಾಡುವ ಮೊದಲ ಕೆಲಸ ತಂದೆತಾಯಿಯನ್ನು ಸಾಗಹಾಕುವುದು. ಅಪಘಾತ, ಕಾಯಿಲೆ, ಯುದ್ಧ, ಏನೋ ಒಂದು. ಹೆತ್ತವರಿದ್ದರೆ ಕಥೆ ಮುಂದೆ ಹೋಗುವುದೇ ಇಲ್ಲ. ಹದಿನಾರರ ಹುಡುಗಿ ಸರ್ವಾಧಿಕಾರಿಯ ಕೋಟೆಗೆ ನುಗ್ಗಬೇಕಾದ ಹೊತ್ತಿಗೆ ಅಮ್ಮ ಕರೆ ಮಾಡಿ "ಎಲ್ಲಿದ್ದೀ? ಟ್ಯೂಷನ್‌ನವರು ಫೋನ್ ಮಾಡಿದ್ದರು" ಎಂದರೆ ಕ್ರಾಂತಿಯಾಗುವುದು ಹೇಗೆ? ಹೊರದೇಶದ ಪುಸ್ತಕದಲ್ಲಿ ಹದಿನಾರರವರು ಸಾಮ್ರಾಜ್ಯ ಉರುಳಿಸುತ್ತಾರೆ. ನಮ್ಮ ಮಂಗಳೂರಿನ ಬಿಜೈಯಲ್ಲಿ ಅದೇ ವಯಸ್ಸಿನವರು ವಿಜ್ಞಾನವೋ ವಾಣಿಜ್ಯವೋ ಎಂದು ತೀರ್ಮಾನಿಸಲು ಅಪ್ಪ, ಅಮ್ಮ, ದುಬೈಯಲ್ಲಿರುವ ಚಿಕ್ಕಪ್ಪ ಮತ್ತು ಜ್ಯೋತಿಷಿ, ನಾಲ್ವರ ಸಭೆ ಸೇರಬೇಕು. ಹುಡುಗನನ್ನು ಚಹಾ ತರಲು ಒಳಗೆ ಕಳುಹಿಸಿರುತ್ತಾರೆ.

ತಂಗಿಯ ಮಗಳು, ಅಂದರೆ ನನ್ನ ಸೋದರ ಸೊಸೆ, ಓದುತ್ತಿದ್ದದ್ದೂ ಅಂಥದ್ದೇ ಒಂದು. ಹದಿನಾರು ತುಂಬಿದೊಡನೆ ಸರಕಾರ ಎಲ್ಲರಿಗೂ ಒಂದು ಪರೀಕ್ಷೆ ಇಡುತ್ತದೆ, ಗೆದ್ದವರು ಬೆಟ್ಟದ ಮೇಲಿನ ಊರಿಗೆ, ಸೋತವರು ಗಣಿಗೆ. ಆಕೆ ಅದನ್ನು ನೂರ ನಲವತ್ತನೇ ಪುಟದವರೆಗೆ ನಿಜವಾಗಿಯೇ ಓದಿದ್ದಳು, ಅದೇ ಅವಳ ತಪ್ಪು. ಶಾಲು ಸರಿಪಡಿಸಿಕೊಂಡು ಕ್ಯಾಮೆರಾದ ಮುಂದೆ ಹೇಳಿದಳು: "ಇದನ್ನು ಭಯಾನಕ ಎಂದು ಹಿಂದಿನ ರಕ್ಷಾಪುಟದಲ್ಲಿ ಬರೆದಿದ್ದಾರೆ. ನನಗೆ ಭಯವಾಗಲಿಲ್ಲ. ಇದು ನಮ್ಮ ಎಸ್ಸೆಸ್ಸೆಲ್ಸಿಯ ಹಾಗೆಯೇ ಇದೆ. ಅಲ್ಲಿ ಸೋತವರ ಭಾವಚಿತ್ರವನ್ನು ಚೌಕದಲ್ಲಿ ಹಾಕುತ್ತಾರೆ, ಇಲ್ಲಿ ಗೆದ್ದವರದ್ದನ್ನು ಫ್ಲೆಕ್ಸಿನಲ್ಲಿ ಹಾಕುತ್ತಾರೆ."

ಮೂವತ್ತೈದು ಸೆಕೆಂಡಿನಲ್ಲಿ ಮುಗಿಸಿಬಿಟ್ಟಳು. ಐದು ನಿಮಿಷದಲ್ಲಿ ಉತ್ತರ ಬಂತು: ಅಭಿಪ್ರಾಯ ಧನಾತ್ಮಕವಾಗಿಲ್ಲ, ಮತ್ತೊಮ್ಮೆ ಮಾಡಿ ಕಳುಹಿಸಿ.

ಪಾಪ, ಶಿಕ್ಷಕಿಯ ತಪ್ಪೇನೂ ಇಲ್ಲ. ಈ ಊರಿನಲ್ಲಿ ಫಲಿತಾಂಶದ ಬಗ್ಗೆ ತಮಾಷೆ ಮಾಡುವುದೆಂದರೆ ಗರ್ಭಗುಡಿಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿಗೆ ಶೇ 93.90, ದಕ್ಷಿಣ ಕನ್ನಡಕ್ಕೆ ಶೇ 93.57. ಉಡುಪಿ ಮೊದಲನೆಯದು, ನಾವು ಎರಡನೆಯವರು. ದಶಮಾಂಶದ ಆಚೆ ಸೋತ ದುಃಖದಲ್ಲಿ ನಮ್ಮಲ್ಲಿ ಕೆಲವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದೇ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ನಾವು ಶೇ 91.12, ಉಡುಪಿ ಶೇ 89.96. ಸೇಡು ತೀರಿತು, ಊಟ ಸೇರಿತು. ರಾಜ್ಯದ ಉಳಿದ ಜಿಲ್ಲೆಗಳು ಈ ಅಣ್ಣತಮ್ಮಂದಿರ ಜಗಳವನ್ನು ದೂರದಿಂದ ನೋಡುತ್ತವೆ.

ಅಷ್ಟರಲ್ಲಿ ಗುಂಪಿನಲ್ಲಿ ಇನ್ನೊಂದು ರಾದ್ಧಾಂತ. ಒಬ್ಬ ಹುಡುಗ ತನ್ನ ಕಾದಂಬರಿಯ ನಾಯಕ ಕೊನೆಗೆ ಸಾಯುತ್ತಾನೆಂದು ಹೇಳಿಬಿಟ್ಟ. ಸ್ಪಾಯ್ಲರ್, ಸ್ಪಾಯ್ಲರ್ ಎಂದು ಬೊಬ್ಬೆ. ಬೊಬ್ಬೆ ಹಾಕಿದವರು ಮಕ್ಕಳಲ್ಲ, ಅಪ್ಪಂದಿರು. ಮಾರಾಯರೇ, ನಾವು ಯಾವ ಊರಿನವರು? ಅಭಿಮನ್ಯು ಸಾಯುತ್ತಾನೆಂದು ತೊಟ್ಟಿಲಲ್ಲಿರುವಾಗಲೇ ಗೊತ್ತಿದ್ದು, ಆದರೂ ಯಕ್ಷಗಾನ ಬಯಲಾಟದ ರಂಗಸ್ಥಳದ ಮುಂದೆ ಬೆಳಗಿನ ಜಾವದವರೆಗೆ ಕಣ್ಣುಜ್ಜಿಕೊಂಡು ಕುಳಿತು, ಅವನು ಸತ್ತಾಗ ಮೂಗು ಒರೆಸಿಕೊಂಡು ಮನೆಗೆ ಬಂದ ಜನ. ಮುಂದಿನ ವಾರ ಮತ್ತೆ ಹೋಗಿ ಮತ್ತೆ ಅತ್ತವರು. ಕಥೆ ಗೊತ್ತಾದರೆ ಕೆಡುತ್ತದೆ ಎಂಬ ವಿದ್ಯೆ ನಮಗೆ ಯಾರು ಕಲಿಸಿದರು?

ಅಭಿಪ್ರಾಯವೆಂಬುದಾದರೂ ನಮಗೆ ಹೊಸದೇ? ಮಳೆಗಾಲಕ್ಕೆ ಮುಂಚೆ, ಪತ್ತನಾಜೆಯ ದಿನ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹೇಳಿದರೆ ಅರ್ಥಧಾರಿಗಳು ಪಂಚೆ ಸರಿಪಡಿಸಿಕೊಂಡು ಕುಳಿತಲ್ಲೇ ಗಂಟೆಗಟ್ಟಲೆ ವಾದಿಸುತ್ತಾರೆ. ಎದೆಗೆ ಬಾಣ ನಾಟಿಸಿಕೊಂಡ ವಾಲಿ ಒಂದೂವರೆ ಗಂಟೆ ಸಾಯುವುದಿಲ್ಲ, ಮರದ ಮರೆಯಿಂದ ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಜಾಡಿಸುತ್ತಾನೆ. ರಾಮನಾದವನು ಬೆವರುತ್ತಾನೆ. ಕೇಳುವವರು ಒಮ್ಮೆ ಇತ್ತ, ಒಮ್ಮೆ ಅತ್ತ ತಲೆಯಾಡಿಸುತ್ತಾರೆ. ನನ್ನ ದೊಡ್ಡಪ್ಪ ಒಮ್ಮೆ ವಾಲಿಯ ಪಕ್ಷ ವಹಿಸಿ ಹತ್ತಿರದ ಸಂಬಂಧಿಕರೊಬ್ಬರ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದರು. ಅವರಲ್ಲಿ ಯಾರಾದರೂ "ಅಭಿಪ್ರಾಯ ಧನಾತ್ಮಕವಾಗಿರಲಿ" ಎಂದಿದ್ದರೆ ವಾಲಿ ಎದ್ದು ಮನೆಗೆ ಹೋಗುತ್ತಿದ್ದ. ವಾಲಿಗೆ ಎರಡು ನಿಮಿಷ ಕೊಟ್ಟು ನೋಡಿ, ಬಾಣ ಎಳೆದು ತೆಗೆಯುವುದಕ್ಕೂ ಸಾಲದು.

ಎಲ್ಲಿಂದ ಎಲ್ಲಿಗೋ ಹೋದೆ. ಅಪ್ಪಂದಿರ ವಿಷಯ ಹೇಳುತ್ತಿದ್ದೆ. ಹದಿಹರೆಯದವರ ಪುಸ್ತಕಕ್ಕೆ ನಲವತ್ತರವರು ಹಾತೊರೆಯುವುದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ ಬೌಕರ್ ಎಂಬ ಸಂಸ್ಥೆ 2012ರಲ್ಲಿ ಲೆಕ್ಕ ಹಾಕಿದಾಗ, ಹನ್ನೆರಡರಿಂದ ಹದಿನೇಳರ ವಯಸ್ಸಿನವರಿಗೆಂದು ಅಚ್ಚಾದ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇ 55 ಮಂದಿ ಹದಿನೆಂಟು ದಾಟಿದವರು ಎಂದು ತಿಳಿಯಿತು. ಅದರಲ್ಲೂ ಮೂವತ್ತರಿಂದ ನಲವತ್ತನಾಲ್ಕರವರೇ ಹೆಚ್ಚು. ಮಕ್ಕಳಿಗಾಗಿ ಕೊಂಡರೇ ಎಂದರೆ, ಅಲ್ಲ, ಬಹುಪಾಲು ತಮಗಾಗಿಯೇ. ನನಗೆ ಐವತ್ತೆರಡು, ನಾನು ಆ ಲೆಕ್ಕದಿಂದಲೂ ಆಚೆ. ಸೊಸೆಯ ಪುಸ್ತಕವನ್ನು ದಿನಪತ್ರಿಕೆಯ ಒಳಗಿಟ್ಟುಕೊಂಡು ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓದುತ್ತಿದ್ದೆ. ಮೂಲ್ಕಿ ದಾಟುವಾಗ ಕಂಡಕ್ಟರು ಇಣುಕಿ ನೋಡಿ, "ಆ ಹುಡುಗಿ ಗಣಿಗೆ ಹೋಗುತ್ತಾಳೆ, ಆದರೆ ವಾಪಸ್ ಬರುತ್ತಾಳೆ. ನನ್ನ ಮಗಳು ಹೇಳಿದ್ದು" ಎಂದು ಚಿಲ್ಲರೆ ಕೊಟ್ಟು ಮುಂದೆ ಹೋದರು. ನಾನು ಬೊಬ್ಬೆ ಹಾಕಲಿಲ್ಲ.

ತಂಗಿಯ ಚಿಂತೆ ಬೇರೆ. "ಅಣ್ಣಾ, ಇದನ್ನೆಲ್ಲ ಓದಿದರೆ ಸಿಇಟಿಗೆ ಏನಾದರೂ ಉಪಯೋಗವಿದೆಯೇ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದರೆ ಶಾಲೆಯವರು ಯಾಕೆ ಹೇಳುತ್ತಾರೆ?" ನನ್ನಲ್ಲಿ ಉತ್ತರವಿರಲಿಲ್ಲ. ಆ ಪುಸ್ತಕಕ್ಕೆ ಅವಳು ಐನೂರು ರೂಪಾಯಿ ಕೊಟ್ಟಿದ್ದಳು, ಐನೂರಕ್ಕೆ ಮೂವತ್ತೈದು ಸೆಕೆಂಡು ಎಂದು ಮನಸ್ಸಿನಲ್ಲೇ ಭಾಗಿಸುತ್ತಿದ್ದಳೆಂದು ಕಾಣುತ್ತದೆ. ಗ್ರಂಥಾಲಯದಿಂದ ತರಬಾರದೇ ಎಂದು ನಾನು ಹೇಳಬಾರದಿತ್ತು, ಹೇಳಿಬಿಟ್ಟೆ. ಮಾರನೇ ದಿನ ನನ್ನನ್ನೇ ಕಳುಹಿಸಿದಳು.

ನಮ್ಮ ಕಡೆಯ ಗ್ರಂಥಾಲಯದಲ್ಲಿ ಎರಡು ಕಪಾಟುಗಳಿವೆ. ಒಂದರ ಮೇಲೆ 'ಮಕ್ಕಳ ವಿಭಾಗ'. ಗಾಜಿನ ಬಾಗಿಲು, ಬೀಗ, ಬೀಗದ ಕೈ ರಜೆಯಲ್ಲಿರುವವರ ಬಳಿ. ಗಾಜಿನಾಚೆ ಮೊಲವೂ ಆಮೆಯೂ ಬಣ್ಣಗೆಟ್ಟು ಕುಳಿತಿದ್ದವು. ಪಕ್ಕದ ಕಪಾಟಿನಲ್ಲಿ 'ಸ್ಪರ್ಧಾತ್ಮಕ ಪರೀಕ್ಷೆಗಳು'. ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್. ಮೊಲ ಮತ್ತು ಆಮೆಯ ಕಥೆ ಓದಿ ಮುಗಿಸಿದವನು ಮರುದಿನವೇ ದ್ವಿತೀಯ ದರ್ಜೆ ಸಹಾಯಕನಾಗಬೇಕು. ನಡುವೆ ಹದಿಹರೆಯ ಎಂಬುದೊಂದು ಬರುತ್ತದೆಂದು ಕಪಾಟು ಮಾಡಿದ ಬಡಗಿಗೆ ಯಾರೂ ಹೇಳಿರಲಿಲ್ಲ. ಅಮೆರಿಕದ ಗ್ರಂಥಪಾಲಕರ ಸಂಘ ಆ ವಯಸ್ಸಿನ ಓದುಗರಿಗೆಂದೇ 1957ರಲ್ಲಿ ಪ್ರತ್ಯೇಕ ವಿಭಾಗ ತೆರೆಯಿತು. ನಮ್ಮದು ಇನ್ನೂ ಎರಡೇ ಕಪಾಟು. ಸಮಯ ನೋಡಿದರೆ, ಮಕ್ಕಳು ಶಾಲೆಯಲ್ಲಿರುವಾಗ ತೆರೆದಿರುತ್ತದೆ, ಅವರು ಟ್ಯೂಷನ್ ಮುಗಿಸಿ ಬರುವ ಹೊತ್ತಿಗೆ ಕದ ಹಾಕಿರುತ್ತದೆ.

ಇಲ್ಲಿ ನನಗೆ ನಗು ಬರುವುದಿಲ್ಲ. ಮನೆತೆರಿಗೆಯ ರಶೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಸಾಲಿದೆ, ತೆರಿಗೆಯ ಮೇಲೆ ಶೇ 6. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದ ಗ್ರಂಥಾಲಯದ ಹೆಸರಿನಲ್ಲಿ ಕರ ಕಟ್ಟುತ್ತಲೇ ಬಂದವರು ನಾವು. ನನ್ನ ಅಪ್ಪ ಕಟ್ಟಿದರು, ನಾನು ಕಟ್ಟುತ್ತಿದ್ದೇನೆ. ವಸೂಲು ಮಾಡಿದವರು ಅದನ್ನು ಗ್ರಂಥಾಲಯ ಇಲಾಖೆಗೆ ಪೂರ್ತಿ ದಾಟಿಸುವುದಿಲ್ಲವೆಂಬ ದೂರಿಗೂ ವಯಸ್ಸಾಯಿತು. ಪುಸ್ತಕ ಕೊಡುವುದಿಲ್ಲ, ಓದಲು ಜಾಗ ಕೊಡುವುದಿಲ್ಲ, ಸಮಯವನ್ನಂತೂ ಕೊಡುವುದೇ ಇಲ್ಲ, ಬೆಳಿಗ್ಗೆ ಆರಕ್ಕೆ ಎಬ್ಬಿಸಿ ರಾತ್ರಿ ಒಂಬತ್ತರವರೆಗೆ ತರಗತಿಯಿಂದ ತರಗತಿಗೆ ಅಟ್ಟುತ್ತೇವೆ, ಆಕಾಶವೇ ಕರುಣೆಯಿಂದ ಒಂದು ದಿನ ರಜೆ ಕೊಟ್ಟರೆ ಅದನ್ನೂ ಕಿತ್ತುಕೊಂಡು ಅಭಿಪ್ರಾಯ ಹೇಳು ಎನ್ನುತ್ತೇವೆ. ಹೇಳಿದರೆ, ಇದಲ್ಲ, ಬೇರೆ ಹೇಳು ಎನ್ನುತ್ತೇವೆ. ಸುಸ್ತಾಗಿದೆ.

ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರಾಗಿದ್ದವರು. ಸುತ್ತೋಲೆ ಬರೆಯುವ ಅಧಿಕಾರವಿದ್ದೂ ಮಕ್ಕಳಿಗೆ ಪದ್ಯ ಬರೆದರು. ಆ ಇಲಾಖೆಯಲ್ಲಿ ಅಂಥ ಅಚಾತುರ್ಯ ಆಮೇಲೆ ಹೆಚ್ಚೇನೂ ನಡೆದಂತಿಲ್ಲ.

ಸೊಸೆ ಎರಡನೆಯ ವಿಡಿಯೊ ಕಳುಹಿಸಿದಳು. ಹೃದಯಸ್ಪರ್ಶಿ ಪಯಣ. ಹತ್ತಕ್ಕೆ ಹತ್ತು. ಪುಸ್ತಕ ಮಾತ್ರ ನೂರ ನಲವತ್ತನೇ ಪುಟದಲ್ಲೇ ಮಗುಚಿಕೊಂಡಿತ್ತು, ಅಭಿಪ್ರಾಯ ಆದ ಮೇಲೆ ಓದುವುದೇನಿದೆ ಎಂಬಂತೆ. ಗುರುತಿಗೆಂದು ನಾನು ಅದರೊಳಗೆ ಮನೆತೆರಿಗೆಯ ರಶೀದಿ ಇಟ್ಟಿದ್ದೇನೆ.

ಮೊನ್ನೆ ಮತ್ತೆ ಕೆಂಪು ಬಣ್ಣ ಬಂತು, ಮತ್ತೆ ರಜೆ, ಮತ್ತೆ ಸುತ್ತೋಲೆ. ಈ ಸಲ ಪೋಷಕರೂ ತಾವು ಈಗ ಓದುತ್ತಿರುವ ಪುಸ್ತಕದ ಬಗ್ಗೆ ಅಭಿಪ್ರಾಯ ಹಂಚಿಕೊಳ್ಳಬೇಕಂತೆ. ತಂಗಿ ಮೊಬೈಲನ್ನು ನನ್ನ ಕೈಗೆ ದಾಟಿಸಿದಳು. ನಾನು ಸೊಸೆಯ ಕಡೆ ನೋಡಿ, ಮಾವನಿಗೊಂದು ಅಭಿಪ್ರಾಯ ಬರೆದುಕೊಡು ಎಂದೆ.

"ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದರೆ ಒಳ್ಳೆಯ ಅಭಿಪ್ರಾಯ ಬರೆದುಕೊಡುತ್ತೇನೆ, ಮಾವ" ಎಂದಳು ಹೊದಿಕೆಯ ಒಳಗಿನಿಂದಲೇ. "ಬರೀ ಬನ್ಸ್ ಆದರೆ ನಿಜವಾದ ಅಭಿಪ್ರಾಯ."

ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಕೊಡೆ ಹಿಡಿದು ಇಬ್ಬರೂ ಹೊರಟೆವು. ಬನ್ಸ್ ಬಿಸಿಯಾಗಿತ್ತು.