ಮಾವನವರ ಮುಂಜಾಗ್ರತೆ

ನಮ್ಮ ಮಾವನವರು ಊರಿಗೆ ಹೊರಟರೆಂದರೆ ಬೀಗ ಹಾಕುವುದೇ ಒಂದು ಸಮಾರಂಭ. ಹಾಕಿ ಜಗ್ಗುತ್ತಾರೆ. ಆಟೊದಲ್ಲಿ ಕೂತ ಮೇಲೆ ಇಳಿದು ಹೋಗಿ ಮತ್ತೆ ಜಗ್ಗುತ್ತಾರೆ. ಜಗ್ಗಿ ಜಗ್ಗಿಯೇ ಚಿಲಕದ ಸ್ಕ್ರೂ ಸಡಿಲವಾಗಿದೆ ಅನ್ನುವುದು ಅತ್ತೆಯ ದೂರು.

ಹೋದ ಮೇ ತಿಂಗಳಲ್ಲಿ ಧಾರವಾಡದಲ್ಲಿ ಮದುವೆಯಿತ್ತು. ಗುಡುಗು ಮಳೆಯ ಕಾಲ ಬೇರೆ. ಮಾವ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಕ್ಯಾಪ್ ಹಾಕಿದರು. ಕೊನೆಗೆ, ಸಿಡಿಲಿಗೆ ಟಿವಿ ಸುಟ್ಟೀತೆಂದು ಮೇನ್ ಸ್ವಿಚ್ಚನ್ನೂ ಆಫ್ ಮಾಡಿದರು. ಟಿವಿ ಉಳಿಯಿತು. ಫ್ರಿಜ್ಜಿನಲ್ಲಿ ಹಾಲು, ದೋಸೆ ಹಿಟ್ಟು, ಅರ್ಧ ಎಲೆಕೋಸು ಇದ್ದವು.

ವಾರ ಬಿಟ್ಟು ಬಂದು ಬಾಗಿಲು ತೆಗೆದರೆ ಗಪ್ಪಂತ ನಾತ!

"ಗ್ಯಾಸ್ ಲೀಕ್! ಯಾರೂ ಸ್ವಿಚ್ ಮುಟ್ಟಬೇಡಿ!" ಅಂದರು ಮಾವ.

ನಗಬೇಡಿ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಅದರ ನಾತ ಹೆಚ್ಚುಕಮ್ಮಿ ಕೊಳೆತ ಎಲೆಕೋಸಿನದೇ. ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡಿರುತ್ತದೆ, ಒಂದು ಕಿಡಿ ಸಾಕು. ಹಾಗಾಗಿ ಮಾವ ಹೇಳಿದ್ದು ಅಕ್ಷರಶಃ ಸರಿ. ಮೇನ್ ಸ್ವಿಚ್ಚೇ ಆಫ್ ಆಗಿರುವಾಗ ಕಿಡಿ ಎಲ್ಲಿಂದ ಬರಬೇಕು ಅಂತ ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮಾವ ಉಸಿರು ಬಿಗಿಹಿಡಿದು ಕಿಟಕಿಗಳನ್ನೆಲ್ಲ ತೆರೆದರು. ನಮ್ಮನ್ನು ಗೇಟಿನಾಚೆ ನಿಲ್ಲಿಸಿ ಗ್ಯಾಸ್ ಲೀಕಿನ ಸಹಾಯವಾಣಿ 1906ಕ್ಕೆ ಫೋನ್ ಮಾಡಿದರು. ಪಕ್ಕದ ಮನೆಯ ಆಂಟಿ ಕುದಿಯುತ್ತಿದ್ದ ಸಾರನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದರು. ಎದುರು ಮನೆಯವರು ಕುರ್ಚಿ ಸಮೇತ ಬಂದರು.

ಮೆಕ್ಯಾನಿಕ್ ಬಂದ. ಸಿಲಿಂಡರ್ ನೋಡಿ, "ಕ್ಯಾಪ್ ಹಾಕೇ ಇದೆಯಲ್ಲ ಸಾರ್" ಅಂದ. ಮೂಗು ಹೋದ ಕಡೆ ಹೋಗಿ ಫ್ರಿಜ್ ತೆಗೆದ. ತೆಗೆದಷ್ಟೇ ವೇಗದಲ್ಲಿ ಮುಚ್ಚಿದ.

"ಇದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಸಾರ್."

ಕುರ್ಚಿಯವರು ನಿರಾಸೆಯಿಂದ ಎದ್ದು ಹೋದರು. ಮಾವ ಮಾತ್ರ ಸೋಲಲಿಲ್ಲ. "ನಿಜವಾಗಿ ಲೀಕ್ ಆಗಿದ್ದಿದ್ದರೆ?" ಅಂದರು. ಅವರ ಜತೆ ಇದೇ ಕಷ್ಟ. ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಸಿಡಿಲು, ಕಳ್ಳ, ಬೆಂಕಿ ಎಲ್ಲವೂ ಅವರ ಲೆಕ್ಕದಲ್ಲಿರುತ್ತವೆ, ಎಲೆಕೋಸು ಇರುವುದಿಲ್ಲ ಅಷ್ಟೇ.

ಮರುದಿನ ಫ್ರಿಜ್ಜಿನ ಬಾಗಿಲ ಮೇಲೆ ಅವರ ಕೈಬರಹದ ಚೀಟಿ ಅಂಟಿತ್ತು: "ಮೇನ್ ಆಫ್ ಮಾಡುವ ಮೊದಲು ಫ್ರಿಜ್ ಖಾಲಿ ಮಾಡುವುದು. ಜವಾಬ್ದಾರಿ: ಸೊಸೆ."